34 ಮರಿಗಳಲ್ಲಿ 31 ಹೆಣ್ಣು! ಅಪಿಸ್ಟೊ ಮೀನು ಸಾಕಿದವರು ಯಾರಾದರೂ ಇದ್ದೀರಾ?

ಮಂಜುಮನೆ (ಮೂರ್ನಾಡು)
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಅಪಿಸ್ಟೊಗ್ರಾಮಾ ಕಕಟುವಾಯ್ಡಿಸ್ ಸಾಕುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಇದು ಪೆರು ದೇಶದ ಅಮೆಜಾನ್ ಕಡೆಯ, ಸಿಕ್ಲಿಡ್ ಕುಟುಂಬದ ಪುಟ್ಟ ಮೀನು. ಗಂಡು ಎಂಟು ಸೆಂಟಿಮೀಟರ್, ಹೆಣ್ಣು ಐದು, ಅಷ್ಟೇ. ಗಂಡಿನ ಬೆನ್ನಿನ ರೆಕ್ಕೆ ಕಾಕಟೂ ಗಿಳಿಯ ಜುಟ್ಟಿನ ಹಾಗೆ ಎದ್ದು ನಿಲ್ಲುತ್ತದೆ. ಹೆಸರು ಬಂದದ್ದೂ ಅದರಿಂದಲೇ.

ಟ್ಯಾಂಕ್ ಮೂರಡಿಯದು, ಸುಮಾರು 100 ಲೀಟರ್ ನೀರು. ಒಂದು ಗಂಡು, ಎರಡು ಹೆಣ್ಣು. ಮರಳು, ಮೂರು ತೆಂಗಿನ ಕರಟ, ಕಾಡುಬಾದಾಮಿ ಎಲೆ, ಸ್ಪಂಜ್ ಫಿಲ್ಟರ್. ಬಾವಿ ನೀರು. ಟಿಡಿಎಸ್ (ನೀರಲ್ಲಿ ಕರಗಿದ ಲವಣ) 40 ದಾಟುವುದಿಲ್ಲ, ಪಿಎಚ್ 6.5ರ ಆಸುಪಾಸು. ಹೀಟರ್ 26ಕ್ಕೆ ಇಟ್ಟಿದ್ದೇನೆ.

ಮೊದಲ ಎರಡು ಸಲ ಮೊಟ್ಟೆ ಇಟ್ಟು ತಾಯಿಯೇ ತಿಂದು ಮುಗಿಸಿತು. ಮೂರನೇ ಸಲ, ಜೂನ್ ಕೊನೆಯ ಆ ಜೋರು ಮಳೆಯಲ್ಲಿ, ಕರಟದ ಒಳಗಿನ ಮೇಲ್ಭಾಗಕ್ಕೆ ಕೆಂಪು ಮೊಟ್ಟೆ ಅಂಟಿಸಿತು. ಅರಿಶಿನ ಮೆತ್ತಿದ ಹಾಗೆ ಮೈಯೆಲ್ಲ ಹಳದಿ. ಗಂಡನ್ನು ಮೂಲೆಗೆ ಅಟ್ಟಿ ತಾನೇ ಕಾವಲು ಕೂತಿತು. ಮೊಟ್ಟೆ ಒಡೆಯುವುದಕ್ಕೆ ಐದು ದಿನ ಹಿಡಿಯಿತು. ಕೊನೆಗೆ 34 ಮರಿ ಉಳಿದವು. ಈಗ ಐದು ತಿಂಗಳು ತುಂಬಿದೆ. ಮೊನ್ನೆ ಭಾನುವಾರ ಕಾಫಿ ಲೋಟ ಹಿಡಿದು ಕೂತು ಒಂದೊಂದಾಗಿ ಎಣಿಸಿದೆ. 31 ಹೆಣ್ಣು, 3 ಗಂಡು.

ಮೀನು ಕೊಟ್ಟ ಅಂಗಡಿಯವರನ್ನು ಕೇಳಿದರೆ "ನಿಮ್ಮ ಅದೃಷ್ಟ ಸಾರ್" ಎಂದು ಫೋನ್ ಇಟ್ಟರು. ಇದು ಅದೃಷ್ಟವೋ, ನನ್ನ ತಪ್ಪೋ?

ಮೀನುಸಾರು (ವಿರಾಜಪೇಟೆ)
31 ಹೆಣ್ಣು 3 ಗಂಡು. ನಮ್ಮ ಮಹಿಳಾ ಸಂಘದ ವಾರ್ಷಿಕ ಸಭೆ ಇದ್ದ ಹಾಗಿದೆ. ಆ ಮೂರು ಗಂಡು ಕುರ್ಚಿ ಜೋಡಿಸುವವರು.

ಗೋಣಿಕೊಪ್ಪದ ಗಪ್ಪಿ
ಐದು ಸೆಂಟಿಮೀಟರ್ ಮೀನಿಗೆ ಇಷ್ಟೊಂದು ತಲೆಬಿಸಿಯಾ ಮಾರಾಯ್ರೇ? ಗಪ್ಪಿ ಸಾಕಿ. ಗಂಡು ಹೆಣ್ಣು ಎಣಿಸುವ ಮೊದಲೇ ಟ್ಯಾಂಕ್ ತುಂಬಿರುತ್ತದೆ.

ಕರಿಮೆಣಸು (ನಾಪೋಕ್ಲು)
ಇದು ತಳಿಯ ದೋಷ, ಬೇರೇನೂ ಅಲ್ಲ. ನಮ್ಮಲ್ಲಿಗೆ ಬರುವ ಅಪಿಸ್ಟೊ ಎಲ್ಲ ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಗಳು. ಚೆನ್ನೈನ ಕೊಳತ್ತೂರಿನಿಂದ ಬೆಂಗಳೂರು, ಅಲ್ಲಿಂದ ಮೈಸೂರು, ಅಲ್ಲಿಂದ ನಮ್ಮ ಘಟ್ಟ. ಒಂದೇ ತೊಟ್ಟಿಯ ಮೀನು ನಾಲ್ಕು ಕೈ ದಾಟಿ ಬಂದಿರುತ್ತದೆ. ರಕ್ತ ಬದಲಾಯಿಸಿ, ಸರಿಹೋಗುತ್ತದೆ.

ಇನ್ನೊಂದು ಮಾತು. ಐದು ತಿಂಗಳಿಗೆ ಗಂಡು ಹೆಣ್ಣು ಎಂದು ಹೇಗೆ ಖಾತ್ರಿ ಮಾಡಿದಿರಿ? ಕೆಲವು ಗಂಡುಗಳು ದೊಡ್ಡ ಗಂಡಿನ ಹೊಡೆತ ತಪ್ಪಿಸಿಕೊಳ್ಳಲು ಹೆಣ್ಣಿನ ಹಾಗೆಯೇ ಬಣ್ಣ ಅಡಗಿಸಿಕೊಂಡು ಓಡಾಡುತ್ತವೆ.

ಮಂಜುಮನೆ
ಅದನ್ನೂ ನೋಡಿದೆ ಅಣ್ಣಾ. ಹೊಟ್ಟೆ ಕೆಳಗಿನ ಜೋಡಿ ರೆಕ್ಕೆಯ ಮುಂದಿನ ಅಂಚು 31ಕ್ಕೂ ಕಪ್ಪು. ಬಾಲ ದುಂಡಗೆ. ಆ ಮೂರು ಗಂಡುಗಳ ಬಾಲಕ್ಕೆ ಮಾತ್ರ ಮೇಲೆ ಕೆಳಗೆ ಎರಡು ಚೂಪು ಬಂದಿದೆ, ಜುಟ್ಟೂ ಶುರುವಾಗಿದೆ. ಒಂದೆರಡು ಕಳ್ಳರು ಹೆಣ್ಣುಗಳ ನಡುವೆ ಇದ್ದರೂ ಇರಬಹುದು. 28 ಹೆಣ್ಣು ಎಂದೇ ಇಟ್ಟುಕೊಳ್ಳಿ, ಲೆಕ್ಕ ಸರಿಹೋಗುತ್ತದಾ?

ಕಾಫಿಹೂವು (ಸುಂಟಿಕೊಪ್ಪ)
ಮೂರ್ನಾಡಿನವರೇ, ನೀವು ಒಂದು ಸಾಲು ಬರೆದು ಹಾಗೇ ಮುಂದೆ ಹೋಗಿದ್ದೀರಿ. ಮೊಟ್ಟೆ ಒಡೆಯಲು ಐದು ದಿನ! 26 ಡಿಗ್ರಿ ನೀರಿನಲ್ಲಿ ಮೂರು ದಿನಕ್ಕೆ ಒಡೆಯಬೇಕು. ಅಲ್ಲಿಂದ ಮತ್ತೆ ಐದು ದಿನ ಬಿಟ್ಟು ಮರಿ ಈಜಬೇಕು. ನಿಮ್ಮ ನೀರು 26 ಇರಲೇ ಇಲ್ಲ.

ಹೀಟರ್ ಎಷ್ಟು ವ್ಯಾಟಿನದು? ಥರ್ಮಾಮೀಟರ್ ಗಾಜಿನ ಹೊರಗೆ ಅಂಟಿಸುವ ಪಟ್ಟಿಯೋ, ನೀರಿನ ಒಳಗೆ ಬಿಡುವುದೋ? ಮೊಟ್ಟೆ ಇಟ್ಟ ಮೇಲಿನ ಎರಡು ವಾರದಲ್ಲಿ ಕರೆಂಟ್ ಎಷ್ಟು ದಿನ ಇತ್ತು? ಮೂರಕ್ಕೂ ಉತ್ತರ ಹೇಳಿ, ಆಮೇಲೆ ಮಾತಾಡೋಣ.

ಮಂಜುಮನೆ
ಅಕ್ಕ, ಹೀಟರ್ 50 ವ್ಯಾಟ್. ಥರ್ಮಾಮೀಟರ್ ಅಂಟಿಸುವ ಪಟ್ಟಿ. ಕರೆಂಟ್ ವಿಷಯ ಕೇಳಬೇಡಿ. ಮರ ಬಿದ್ದು ತಂತಿ ಹೋದದ್ದು ಮೊದಲ ಸಲ ನಾಲ್ಕು ದಿನ, ಮತ್ತೆ ಬಂತು, ಮತ್ತೆ ಮೂರು ದಿನ ಇಲ್ಲ.

ಏಲಕ್ಕಿಗುಡ್ಡ (ಸೋಮವಾರಪೇಟೆ)
ಮಳೆಗಾಲದ ಮೂರ್ನಾಡಿನಲ್ಲಿ 100 ಲೀಟರಿಗೆ 50 ವ್ಯಾಟ್! ಅದು ಹೀಟರ್ ಅಲ್ಲ, ದೀಪ.

ಕಾಫಿಹೂವು
ಹಾಗಾದರೆ ನಿಮ್ಮ ಉತ್ತರ ಸಿಕ್ಕಿತು.

ಅಪಿಸ್ಟೊಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ನೀರಿನ ಬಿಸಿಯೂ ತೀರ್ಮಾನ ಮಾಡುತ್ತದೆ. ಆಮೆ, ಮೊಸಳೆ ಮೊಟ್ಟೆಗಳ ವಿಷಯ ಕೇಳಿರುತ್ತೀರಲ್ಲ, ಹಾಗೆಯೇ. ಜರ್ಮನಿಯ ಊವೆ ರೋಮರ್ ಮತ್ತು ಬೈಸನ್‌ಹರ್ಟ್ಸ್ 1996ರಲ್ಲಿ ಇದನ್ನು ಪ್ರಕಟಿಸಿದರು. ಒಂದೆರಡು ಜಾತಿ ಅಲ್ಲ, ಹತ್ತಾರು ಜಾತಿಯ ಅಪಿಸ್ಟೊ ಮರಿಗಳನ್ನು 23, 26, 29 ಡಿಗ್ರಿಯಲ್ಲಿ ಬೇರೆ ಬೇರೆಯಾಗಿ ಬೆಳೆಸಿ ಎಣಿಸಿದರು. ತಣ್ಣಗಿನ ನೀರಿನಲ್ಲಿ ಹೆಣ್ಣು ಜಾಸ್ತಿ, ಬಿಸಿ ಏರಿದ ಹಾಗೆ ಗಂಡು ಜಾಸ್ತಿ. ಕೆಲವು ಜಾತಿಗಳಲ್ಲಿ ಪಿಎಚ್ ಕೂಡ ಕೈ ಆಡಿಸುತ್ತದೆ.

ಇದೆಲ್ಲ ನಡೆಯುವುದು ಮೊಟ್ಟೆ ಇಟ್ಟ ಮೇಲಿನ ಮೊದಲ ಒಂದು, ಒಂದೂವರೆ ತಿಂಗಳಲ್ಲಿ. ನಿಮ್ಮ ಮರಿಗಳಿಗೆ ಆ ಹೊತ್ತು ಪೂರ್ತಿ ಆಟಿಯ ಚಳಿ. ಈಗ ಬಿಸಿ ಮಾಡಿದರೆ ಏನೂ ಬದಲಾಗುವುದಿಲ್ಲ.

ದಯವಿಟ್ಟು ಆ ಪಟ್ಟಿ ಕಿತ್ತು ಎಸೆಯಿರಿ. ಅದು ಅರ್ಧ ನೀರಿನ, ಅರ್ಧ ನಿಮ್ಮ ಕೋಣೆಯ ಬಿಸಿ ತೋರಿಸುತ್ತದೆ.

ಕರಿಮೆಣಸು
ಅಕ್ಕ, ಒಪ್ಪುವುದು ಕಷ್ಟ. ನಾನು ಹತ್ತು ವರ್ಷ ಗಪ್ಪಿ, ಪ್ಲಾಟಿ, ಏಂಜೆಲ್ ಎಲ್ಲ ಮರಿ ಮಾಡಿದ್ದೇನೆ. ಚಳಿಗೆ ಹೆಣ್ಣು ಹುಟ್ಟಿದ್ದು ನೋಡಲಿಲ್ಲ.

ಕಾಫಿಹೂವು
ಗಪ್ಪಿಯ ಲೆಕ್ಕ ಬೇರೆ, ಅಲ್ಲಿ ಎಕ್ಸ್ ವೈ ಕ್ರೋಮೋಸೋಮ್ ನಡೆಯುತ್ತದೆ. ನಾನು ಅಪಿಸ್ಟೊ ಬಗ್ಗೆ ಹೇಳುತ್ತಿದ್ದೇನೆ. ಏಂಜೆಲ್ ಕೂಡ ಸಿಕ್ಲಿಡ್ ಹೌದು, ಆದರೆ ದನ ಹುಲ್ಲು ತಿನ್ನುತ್ತದೆ ಎಂದು ನಾಯಿಗೂ ಹುಲ್ಲು ಹಾಕುತ್ತೀರಾ?

ಮೀನುಸಾರು
ನಮ್ಮ ನಾಯಿ ತಿನ್ನುತ್ತದೆ. ಹೊಟ್ಟೆ ಕೆಟ್ಟಾಗ.

ಕುಶಾಲನಗರದ ಕೊಳ
ತಡೀರಿ ತಡೀರಿ. ನನ್ನದು ಪೂರ್ತಿ ಉಲ್ಟಾ ಕತೆ. ನಾನೂ ಇದೇ ಮೀನು ಇಟ್ಟಿದ್ದೇನೆ, ಕೆಂಪು ಬಾಲದ್ದು. ಅದೇ ಟ್ಯಾಂಕಿನಲ್ಲಿ ಒಂದು ಜೋಡಿ ನೀಲಿ ರಾಮ್ (ಅದೂ ಪುಟ್ಟ ಸಿಕ್ಲಿಡ್ಡೇ) ಇದೆ. ರಾಮ್ ತಣ್ಣಗೆ ಇದ್ದರೆ ಸಾಯುತ್ತದೆ ಎಂದು ಯಾವಾಗಲೂ 29, 30ಕ್ಕೆ ಇಡುತ್ತೇನೆ. ಏಪ್ರಿಲ್‌ನಲ್ಲಿ ಅಪಿಸ್ಟೊ ಮೊಟ್ಟೆ ಇಟ್ಟಿತು. 22 ಮರಿ ಉಳಿದವು. ಅದರಲ್ಲಿ 19 ಗಂಡು! ದಿನಾ ಬೆಳಿಗ್ಗೆ ಎದ್ದರೆ ಹರಿದ ರೆಕ್ಕೆಗಳು. ಒಂದೊಂದಕ್ಕೂ ಒಂದೊಂದು ಮೂಲೆ ಬೇಕು, ಟ್ಯಾಂಕಿಗೆ ಇರುವುದು ನಾಲ್ಕೇ ಮೂಲೆ.

ಇಷ್ಟು ದಿನ ಬೋರ್‌ವೆಲ್ ನೀರಿನ ಗಡಸು ಕಾರಣ ಎಂದುಕೊಂಡಿದ್ದೆ.

ಕಾಫಿಹೂವು
ಕರಿಮೆಣಸು ಅವರೇ, ಓದಿದಿರಾ?

ಕರಿಮೆಣಸು
ಓದಿದೆ. ಎರಡು ಟ್ಯಾಂಕ್ ನೋಡಿ ತೀರ್ಪು ಕೊಡುವುದಿಲ್ಲ. ಆದರೆ ಸ್ವಲ್ಪ ಅಲುಗಾಡಿದೆ, ಒಪ್ಪುತ್ತೇನೆ. ರಕ್ತ ಬದಲಾಯಿಸುವುದು ಹೇಗೂ ಒಳ್ಳೆಯದೇ, ಅದನ್ನು ಬಿಡುವುದಿಲ್ಲ.

ಮಂದಲ್‌ಪಟ್ಟಿ ಗಾಳಿ (ಮಡಿಕೇರಿ)
ರಾಮ್ ಬಗ್ಗೆ ಮಾತು ಬಂತಲ್ಲ. ನಮ್ಮ ಹೋಂಸ್ಟೇ ಹಾಲಿನಲ್ಲಿ ನಾಲ್ಕಡಿ ಟ್ಯಾಂಕ್ ಇದೆ. ಮೂರು ಸಲ ರಾಮ್ ತಂದೆ, ಮೂರು ಸಲವೂ ತಿಂಗಳೊಳಗೆ ಹೋದವು. ಅಂಗಡಿಯಲ್ಲಿ "ಈ ನೀರಿಗೆ ಬೆಳೆಯುತ್ತೆ" ಎಂದೇ ಕೊಟ್ಟರು. ಹೀಟರ್ ಹಾಕಿಲ್ಲ. ಅತಿಥಿಗಳ ಮಕ್ಕಳು ಗಾಜು ಬಡಿಯುವುದು ಒಂದು ಕಾಟ. ಕಾರಣ ಅದೇ ಇರಬಹುದಾ?

ಏಲಕ್ಕಿಗುಡ್ಡ
ಮಕ್ಕಳನ್ನು ಬಯ್ಯಬೇಡಿ, ಕಾರಣ ಚಳಿ. ರಾಮ್ ಬಂದದ್ದು ಒರಿನೋಕೊ ನದಿಯ ಬಯಲಿನಿಂದ, ವೆನೆಜುವೆಲಾ ಮತ್ತು ಕೊಲಂಬಿಯಾ. ಬಿಸಿಲು ಕಾಯ್ದ ಆಳವಿಲ್ಲದ ನೀರು. 28 ಡಿಗ್ರಿ ಇದ್ದರೆ ಅದಕ್ಕೆ ಹಾಯೆನಿಸುತ್ತದೆ. ಮಡಿಕೇರಿಯ ಜುಲೈನಲ್ಲಿ ನಮಗೇ ಮೂರು ಕಂಬಳಿ ಬೇಕು.

ಹೀಟರ್ ಇಲ್ಲದೆ ಸಾಕಲೇಬೇಕು ಎಂದರೆ ಅಪಿಸ್ಟೊಗ್ರಾಮಾ ಬೊರೆಲ್ಲಿ ಹುಡುಕಿ. ಪರಾನಾ, ಪರಾಗ್ವೆ ನದಿಗಳ ಕಡೆಯ ಮೀನು. ಅಲ್ಲಿ ಚಳಿಗಾಲ ಎಂಬುದು ನಿಜವಾಗಿಯೂ ಇದೆ. ನನ್ನ ಮನೆಯಲ್ಲಿ 20 ಡಿಗ್ರಿಗೆ ಇಳಿದರೂ ಊಟ ಬಿಟ್ಟಿಲ್ಲ. ಹಳದಿ ಮುಖ, ನೀಲಿ ಮೈ, ಬೆನ್ನ ಮೇಲೆ ಹಾಯಿ ಬಿಚ್ಚಿದ ಹಾಗೆ ಎತ್ತರದ ರೆಕ್ಕೆ. ಜಗಳವೂ ಕಡಿಮೆ. ಕೊಡಗಿಗೆ ಹೇಳಿ ಮಾಡಿಸಿದ ಮೀನು. ಸಿಗುವುದು ಮಾತ್ರ ಕಷ್ಟ, ನಾನು ಎಂಟು ತಿಂಗಳು ಕಾದೆ.

ಗೋಣಿಕೊಪ್ಪದ ಗಪ್ಪಿ
ಎಂಟು ತಿಂಗಳು ಕಾಯುವುದು, ಐದು ತಿಂಗಳು ಬೆಳೆಸುವುದು, ಕೊನೆಗೆ ಎಣಿಸಿ ಅಳುವುದು. ನಾನು ಗಪ್ಪಿ ಬಿಟ್ಟು ಬರುವುದಿಲ್ಲ.

ತೋಡಿನ ದಾರಿ (ಪೊನ್ನಂಪೇಟೆ)
ಒಂದು ಮಾತು ಹೇಳಲಾ? ಸಿಕ್ಲಿಡ್ ಬೇಕೆಂದರೆ ಪೆರುವರೆಗೆ ಯಾಕೆ ಹೋಗಬೇಕು? ಭಾರತಕ್ಕೆ ಸ್ವಂತ ಸಿಕ್ಲಿಡ್ ಮೂರೇ ಮೂರು, ಮೂರೂ ನಮ್ಮ ಸುತ್ತಮುತ್ತಲೇ ಇವೆ. ಕೇರಳದವರ ಕರಿಮೀನು ಒಂದು. ಕಿತ್ತಳೆ ಬಣ್ಣದ ಪುಟ್ಟ ಕ್ರೋಮೈಡ್ ಇನ್ನೊಂದು. ಮೂರನೆಯದು ಕೆನರಾ ಪರ್ಲ್‌ಸ್ಪಾಟ್, ಘಟ್ಟ ಇಳಿದರೆ ದಕ್ಷಿಣ ಕನ್ನಡದ ಹೊಳೆಗಳಲ್ಲಿ ಇರುವಂಥದ್ದು. ಕಿತ್ತಳೆ ಕ್ರೋಮೈಡ್ ಗಂಡು ಹೆಣ್ಣು ಎರಡೂ ಸೇರಿ ಮರಿ ನೋಡಿಕೊಳ್ಳುವುದನ್ನು ಕಂಡರೆ ನೀವು ಅಪಿಸ್ಟೊ ಮರೆಯುತ್ತೀರಿ.

ಮೀನುಸಾರು
ಕರಿಮೀನು ನಾನು ಸಾಕಲಾರೆ. ಬಾಳೆಎಲೆ ನೆನಪಾಗುತ್ತದೆ.

ಕರಿಮೆಣಸು
ಕರಿಮೀನು ಬಿಡಿ, ಗದ್ದೆಯ ಕೊಯ್ಲೆ ಮೀನು ಹುರಿದು ತಿಂದು ಎಷ್ಟು ವರ್ಷವಾಯಿತು. ಈಗ ಗದ್ದೆಯೇ ಇಲ್ಲ, ಮೀನೆಲ್ಲಿಂದ ಬರಬೇಕು.

ಕಾಫಿಹೂವು
ಊಟದ ಮಾತು ಆಮೇಲೆ. ತೋಡಿನ ದಾರಿಯವರ ಮಾತು ಸರಿಯಾಗಿದೆ, ಆದರೆ ತೋಡಿಗೆ ಬಲೆ ಹಾಕಿ ಹಿಡಿದು ತರಬೇಡಿ. ಮರಿ ಮಾಡಿದವರ ಹತ್ತಿರ ಕೇಳಿ ತನ್ನಿ.

ಮಂಜುಮನೆ
ನಿನ್ನೆ ಮಡಿಕೇರಿಗೆ ಹೋಗಿ ನೀರಿನೊಳಗೆ ಬಿಡುವ ಗಾಜಿನ ಥರ್ಮಾಮೀಟರ್ ತಂದೆ. ರಾತ್ರಿ ಹನ್ನೊಂದಕ್ಕೆ ನೋಡಿದರೆ 22.5! ಹೀಟರ್ ದೀಪ ಉರಿಯುತ್ತಲೇ ಇದೆ, ಆರುವುದೇ ಇಲ್ಲ. ಪಟ್ಟಿ ಈಗಲೂ 25 ತೋರಿಸುತ್ತಿದೆ. ಇದು ಚಳಿ ಈಗ ತಾನೇ ಶುರುವಾದ ಹೊತ್ತು, ಕರೆಂಟ್ ಇದ್ದಾಗ. ಆ ಮಳೆಯ ವಾರ ಎಷ್ಟಕ್ಕೆ ಇಳಿದಿತ್ತೋ!

ಅಕ್ಕ, ತಲೆ ಬಾಗಿದೆ. ಮುಂದಿನ ಸಲಕ್ಕೆ ಏನು ಮಾಡಲಿ? 150 ವ್ಯಾಟ್ ಹೀಟರ್ ತರುತ್ತೇನೆ, ಸರಿ. ಕರೆಂಟ್ ಹೋದರೆ? ಮನೆಯಲ್ಲಿ ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಒಂದು.

ಏಲಕ್ಕಿಗುಡ್ಡ
ಲೆಕ್ಕ ಹಾಕಿ. 12 ವೋಲ್ಟ್, 150 ಎಎಚ್ ಅಂದರೆ 1800 ವ್ಯಾಟ್ ಅವರ್. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 150 ವ್ಯಾಟ್ ಹೀಟರ್ ಬಿಡದೆ ಉರಿದರೆ ರಾತ್ರಿ ಹಾಕಿದ್ದು ಬೆಳಿಗ್ಗೆಗೆ ಖಾಲಿ, ಮನೆಯಲ್ಲಿ ಬಲ್ಬೂ ಇಲ್ಲ. ಆಮೇಲೆ ಟ್ಯಾಂಕಿಗಿಂತ ಮನೆಯವರ ಬಿಸಿ ಜಾಸ್ತಿ ಆಗುತ್ತದೆ. ಇನ್ವರ್ಟರಿಗೆ ಗಾಳಿಯ ಪಂಪ್ ಮಾತ್ರ ಕೊಡಿ, ನಾಲ್ಕೈದು ವ್ಯಾಟ್ ಅಷ್ಟೇ. ಸ್ಪಂಜ್ ಫಿಲ್ಟರ್ ನಿಲ್ಲಬಾರದು, ಅದು ಮುಖ್ಯ.

ಕಾಫಿಹೂವು
ನಾನು ಮಾಡುವುದು ಹೇಳುತ್ತೇನೆ. ಜೂನ್ ಬರುವ ಮೊದಲು ಟ್ಯಾಂಕಿನ ಹಿಂದೆ, ಎರಡು ಬದಿಗೆ, ಅಡಿಗೆ ಥರ್ಮೋಕೋಲ್. ಮೇಲೆ ಗಾಜಿನ ಮುಚ್ಚಳ. ಕರೆಂಟ್ ಹೋದರೆ ಮುಂದಿನ ಗಾಜಿಗೂ ಹಳೇ ಕಂಬಳಿ. ಇಷ್ಟರಲ್ಲೇ ಬಿಸಿ ಬೇಗ ಇಳಿಯುವುದು ನಿಲ್ಲುತ್ತದೆ.

ಆಮೇಲೆ ನಮ್ಮ ಬಚ್ಚಲ ಹಂಡೆ. ಮಳೆಗಾಲದಲ್ಲಿ ಒಲೆ ಆರುವುದೇ ಇಲ್ಲವಲ್ಲ. ಎರಡು ಲೀಟರ್ ಬಾಟಲಿಗೆ ಹಂಡೆಯ ಬಿಸಿ ನೀರು ತುಂಬಿ, ಮುಚ್ಚಳ ಬಿಗಿದು, ಟ್ಯಾಂಕಿನಲ್ಲಿ ತೇಲಿಬಿಡುತ್ತೇನೆ. ಕುದಿಯುವ ನೀರು ಬೇಡ, ಬಾಟಲಿ ಸೊಟ್ಟಗಾಗುತ್ತದೆ. ಬಾಟಲಿ ಹಾಕುವ ಮೊದಲು ಅಷ್ಟೇ ನೀರು ಟ್ಯಾಂಕಿನಿಂದ ತೆಗೆದಿಡಿ. ಮೊದಲ ಸಲ ನಾನು ಮರೆತು ಟೀಪಾಯಿ ಮೇಲಿದ್ದ ಪಾಸ್‌ಬುಕ್ ತೋಯಿಸಿದೆ. ನಾಲ್ಕು ಗಂಟೆಗೊಮ್ಮೆ ಬದಲಾಯಿಸಬೇಕು. ರಾತ್ರಿ ಎರಡಕ್ಕೆ ಎದ್ದು ಹೋದರೆ ಯಜಮಾನರು "ಮೀನಿಗೆ ಬಾಣಂತನವಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಇನ್ನೂ ಸುಲಭದ ದಾರಿ, ಮಳೆಗಾಲದಲ್ಲಿ ಮರಿ ಮಾಡಲೇಬೇಡಿ. ಹೂಮಳೆ ಬೀಳುವ ಹೊತ್ತಿಗೆ, ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಶುರು ಮಾಡಿ. ಆಗ ಮೊಟ್ಟೆ ಇಟ್ಟರೆ ಏಪ್ರಿಲ್ ಮುಗಿಯುವಷ್ಟರಲ್ಲಿ ಆ ಒಂದೂವರೆ ತಿಂಗಳು ಕಳೆದಿರುತ್ತದೆ. ಆಮೇಲೆ ಮಳೆ ಬರಲಿ ಬಿಡಿ. ಗಂಡು ಬೇಕೆಂದು 29ಕ್ಕೆ ಏರಿಸಲು ಹೋಗಬೇಡಿ, ಕುಶಾಲನಗರದವರ ಗತಿ ಆಗುತ್ತದೆ. 26, ಹೆಚ್ಚೆಂದರೆ 27.

ಮಂಜುಮನೆ
ಮರಿಗಳ ಊಟಕ್ಕೆ ಇಟ್ಟ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿ) ಕೂಡ ಆ ಮಳೆಯಲ್ಲಿ ಸರಿಯಾಗಿ ಒಡೆಯಲೇ ಇಲ್ಲ. ಉಪ್ಪುನೀರಿನ ಬಾಟಲಿ ಎರಡು ದಿನ ಇಟ್ಟರೂ ಅರ್ಧಕ್ಕರ್ಧ ಮೊಟ್ಟೆ ಹಾಗೇ ಇತ್ತು. ಈಗ ಅರ್ಥವಾಯಿತು, ಅದಕ್ಕೂ ಚಳಿಯೇ. ಕೊನೆಗೆ ಓಟ್ಸ್ ಗಂಜಿಯಲ್ಲಿ ಬೆಳೆಸಿದ ಮೈಕ್ರೋವರ್ಮ್ ಎಂಬ ಸಣ್ಣ ಹುಳು ಮರಿಗಳನ್ನು ಉಳಿಸಿತು.

ಕರಿಮೆಣಸು
ಬೇರೆ ವಿಷಯ, ಆದರೆ ಎಸ್ಟೇಟ್ ಇರುವವರು ಕೇಳಿ. ಕಾಡುಬಾದಾಮಿ ಸಿಗಲಿಲ್ಲವೆಂದು ಕೆಲವರು ತೋಟದ ಒಣ ಎಲೆ ಹೆಕ್ಕಿ ಹಾಕುತ್ತಾರೆ. ನಾನೂ ಹಾಕಿದೆ, ಹಲಸಿನ ಎಲೆ. ಎರಡನೇ ದಿನ ಸೀಗಡಿ ಒಂದೂ ಇಲ್ಲ, ಮೂರನೇ ದಿನ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ತಲೆ ಕೆರೆದುಕೊಂಡು ಕೊನೆಗೆ ಹೊಳೆಯಿತು. ಆ ಹಲಸಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೆ, ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದಿದ್ದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಸೊರಗು ರೋಗಕ್ಕೆ ಮದ್ದು, ಸೀಗಡಿಗೆ ವಿಷ.

ಕಾಫಿಹೂವು
ಇದು ಚಿನ್ನದಂಥ ಮಾತು. ಔಷಧಿ ಹೊಡೆದ ಮೇಲೆ ಮೊದಲ ಮಳೆಗೆ ತೋಟದಿಂದ ಹರಿದು ಬಂದ ನೀರೂ ಬೇಡ.

ಮೀನುಸಾರು
ನೀರು ಕಂದು ಬಣ್ಣಕ್ಕೆ ಬರಬೇಕು ಅಷ್ಟೇ ತಾನೇ? ಕಕ್ಕಡ ತಿಂಗಳ ಹದಿನೆಂಟಕ್ಕೆ ನಾವು ತಿನ್ನುವ ಮದ್ದುಸೊಪ್ಪು ಬೇಯಿಸಿ ಹಾಕಿ. ನೇರಳೆ ಬಣ್ಣದ ಅಮೆಜಾನ್.

ಏಲಕ್ಕಿಗುಡ್ಡ
ಯಾರಾದರೂ ನಿಜವಾಗಿ ಹಾಕಿಬಿಟ್ಟಾರು, ಸುಮ್ನಿರಿ.

ಮಂದಲ್‌ಪಟ್ಟಿ ಗಾಳಿ
31 ಹೆಣ್ಣು ಜಾಸ್ತಿ ಆದರೆ ತೋಟದ ಕೆರೆಗೆ ಬಿಟ್ಟುಬಿಡಿ. ಗಂಡೇ ಇಲ್ಲದಿದ್ದರೆ ಮರಿಯೂ ಆಗುವುದಿಲ್ಲ, ಅಲ್ವಾ?

ತೋಡಿನ ದಾರಿ
ಬೇಡ! ಕೆರೆ ಕೋಡಿ ಬಿದ್ದರೆ ತೋಡಿಗೆ, ತೋಡಿನಿಂದ ಕಾವೇರಿಗೆ. ಹೆಣ್ಣಿನ ವೇಷದ ಒಂದೆರಡು ಗಂಡು ಅದರಲ್ಲಿ ಇರಬಹುದು ಎಂದು ಮೇಲೆ ನೀವೇ ಓದಿದ್ದೀರಿ. ಜಿಲೇಬಿ ಮೀನೂ (ತಿಲಾಪಿಯಾ) ಆಫ್ರಿಕಾದ ಸಿಕ್ಲಿಡ್ಡೇ. ಅದನ್ನು ತಂದವರೂ ಕೆಟ್ಟದ್ದಾಗಲಿ ಎಂದು ತಂದದ್ದಲ್ಲ. ಈಗ ಯಾವ ಜಲಾಶಯಕ್ಕೆ ಗಾಳ ಹಾಕಿದರೂ ಅದೇ ಬರುತ್ತದೆ.

ಮಂದಲ್‌ಪಟ್ಟಿ ಗಾಳಿ
ಸರಿ ಸರಿ, ಕೇಳಿದೆ ಅಷ್ಟೇ.

ಕುಶಾಲನಗರದ ಕೊಳ
ಮಂಜುಮನೆಯವರೇ, ನನಗೊಂದು ಯೋಚನೆ. ನನ್ನ ಹತ್ತಿರ 19 ಗಂಡು, ನಿಮ್ಮ ಹತ್ತಿರ 31 ಹೆಣ್ಣು. ಅಂಗಡಿಯಲ್ಲಿ ಕೇಳಿದರೆ ಯಾವಾಗಲೂ ಗಂಡೇ ತೋರಿಸುತ್ತಾರೆ, ಬಣ್ಣ ಇರುವುದು ಅದಕ್ಕೇ ನೋಡಿ. ಹೆಣ್ಣು ಸಿಗುವುದೇ ಇಲ್ಲ. ನಾನು ಹತ್ತು ಗಂಡು ತರುತ್ತೇನೆ, ನೀವು ಹತ್ತು ಹೆಣ್ಣು ತನ್ನಿ. ದುಡ್ಡಿನ ಮಾತಿಲ್ಲ.

ಮೀನುಸಾರು
ಸಂಬಂಧ ಕುದುರಿತು! ಗಟ್ಟಿಮೇಳ ಎಲ್ಲಿ?

ಕರಿಮೆಣಸು
ನೋಡಿ, ರಕ್ತ ಬದಲಾಯಿಸಿ ಎಂದು ನಾನು ಮೊದಲೇ ಹೇಳಿದ್ದೆ.

ಕಾಫಿಹೂವು
ಒಂದೇ ತೊಟ್ಟಿಯ ಮೀನು ಎಂದೂ ನೀವೇ ಹೇಳಿದ್ದಿರಿ.

ಕೊಡುವವರು ಗಮನಿಸಿ. ಹಿಂದಿನ ದಿನ ಊಟ ಹಾಕಬೇಡಿ. ಗಂಡುಗಳನ್ನು ಒಂದೊಂದು ಚೀಲಕ್ಕೆ ಒಂದರಂತೆ ಹಾಕಿ, ದಾರಿಯಲ್ಲೇ ಕಚ್ಚಾಡುತ್ತವೆ. ಕಾಲು ಭಾಗ ನೀರು, ಮುಕ್ಕಾಲು ಭಾಗ ಗಾಳಿ. ಥರ್ಮೋಕೋಲ್ ಪೆಟ್ಟಿಗೆ. ಒಬ್ಬರದು ಬಾವಿ ನೀರು, ಇನ್ನೊಬ್ಬರದು ಬೋರ್‌ವೆಲ್, ಆದ್ದರಿಂದ ಮನೆಗೆ ಹೋದ ತಕ್ಷಣ ಸುರಿಯಬೇಡಿ. ಒಂದು ಗಂಟೆ ತೊಟ್ಟು ತೊಟ್ಟಾಗಿ ನೀರು ಬೆರೆಸಿ. ಮತ್ತೆ ಕುಶಾಲನಗರದವರೇ, ಹತ್ತು ಹೆಣ್ಣಿಗೆ ಹತ್ತು ಕರಟ ಇಡಿ. ಇಲ್ಲದಿದ್ದರೆ ಹೆಣ್ಣುಗಳ ಜಗಳ ನೋಡಿ ಗಂಡುಗಳೇ ವಾಸಿ ಅನ್ನುತ್ತೀರಿ.

ಮಂಜುಮನೆ
ಒಪ್ಪಿದೆ. ಪುತ್ತರಿ ಹಬ್ಬದ ಗಲಾಟೆ ಮುಗಿಯಲಿ, ಅದರ ಮುಂದಿನ ಶನಿವಾರ. ಸುಂಟಿಕೊಪ್ಪ ಇಬ್ಬರಿಗೂ ನಡುವೆ ಆಗುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಹತ್ತೂವರೆಗೆ?

ಕುಶಾಲನಗರದ ಕೊಳ
ಹತ್ತೂವರೆ ಸರಿ. ನೀಲಿ ಮುಚ್ಚಳದ ಪೆಟ್ಟಿಗೆ ಹಿಡಿದಿರುತ್ತೇನೆ.

ಕಾಫಿಹೂವು
ಸುಂಟಿಕೊಪ್ಪಕ್ಕೆ ಬಂದು ನಮ್ಮ ಮನೆಗೆ ಬಾರದೆ ಹೋಗುತ್ತೀರಾ? ಕಾಫಿ ಕುಡಿದು ಹೋಗಿ. ನನಗೂ ಎರಡು ಹೆಣ್ಣು ಬೇಕು.

ಗೋಣಿಕೊಪ್ಪದ ಗಪ್ಪಿ
ಸುಮ್ನೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಒಂದು ಜೋಡಿಗೆ ಎರಡಡಿ ಟ್ಯಾಂಕ್ ಸಾಕಾ?